ಗುಮ್ಮಟದ ಬ್ಯಾಂಕು

ಸುಗ್ಗಿಯಲ್ಲಿ ಬ್ಯಾಡಗಿಯ ಮೆಣಸಿನಕಾಯಿ ಪ್ಯಾಟಿಗೆ ಹೋದವರಿಗೆ ಎರಡು ಕೆಲಸ: ಸೀನುವುದು, ಆಮೇಲೆ ಬ್ಯಾಂಕು ಹುಡುಕುವುದು. ಸೀನು ತಾನಾಗಿ ಬರುತ್ತದೆ. ಬ್ಯಾಂಕಿಗೆ ದಾರಿ ಕೇಳಬೇಕು. ಕೆಳಗೆ ಮೊಬೈಲ್ ಅಂಗಡಿ, ಮೇಲೆ ಹಲ್ಲಿನ ಡಾಕ್ಟರು, ನಡುವೆ ಬ್ಯಾಂಕು. ಹಾವೇರಿಯಲ್ಲೂ ಇದೇ ಕತೆ. ರಾಣೆಬೆನ್ನೂರಲ್ಲಂತೂ ಬೋರ್ಡು ಕಳಚಿದರೆ ಬ್ಯಾಂಕು ಯಾವುದು, ಬೀಜದ ಅಂಗಡಿ ಯಾವುದು ತಿಳಿಯದು.

ಬ್ಯಾಂಕುಗಳಿಗೆ ಠೀವಿಯ ಕಾಲವೊಂದಿತ್ತು. ಚೆನ್ನೈನ ರಾಜಾಜಿ ಸಾಲೈಯಲ್ಲಿ ಕೆಂಪು ಇಟ್ಟಿಗೆಯ ಸ್ಟೇಟ್ ಬ್ಯಾಂಕ್ ಕಟ್ಟಡವಿದೆ. 1897ರಲ್ಲಿ ಕಟ್ಟಿ ಮುಗಿಸಿದಾಗ ಅದು ಬ್ಯಾಂಕ್ ಆಫ್ ಮದ್ರಾಸ್. 1921ರಲ್ಲಿ ಇಂಪೀರಿಯಲ್ ಬ್ಯಾಂಕ್ ಆಯಿತು, 1955ರಲ್ಲಿ ಸ್ಟೇಟ್ ಬ್ಯಾಂಕ್. ಸುಲ್ತಾನರ ಗುಮ್ಮಟ, ಕಮಾನುಗಳನ್ನು ಬ್ರಿಟಿಷ್ ಎಂಜಿನಿಯರುಗಳು ಮತ್ತೆ ಎಬ್ಬಿಸಿ ಕೂಡಿಸಿದ ಆ ಶೈಲಿಗೆ ಇಂಡೋ-ಸಾರ್ಸೆನಿಕ್ ಎಂದು ಹೆಸರು. ರೂಪ ಕೊಟ್ಟವರಲ್ಲಿ ಹೆನ್ರಿ ಇರ್ವಿನ್ ಒಬ್ಬರು, ಕಟ್ಟಿದ ಗುತ್ತಿಗೆದಾರ ನಂಬೆರುಮಾಳ್ ಚೆಟ್ಟಿ.

ಅದೇ 1897ರಲ್ಲಿ ಮೈಸೂರಿನ ಮರದ ಅರಮನೆ ಸುಟ್ಟುಹೋಯಿತು. 1912ರಲ್ಲಿ ಮುಗಿದ ಹೊಸ ಅರಮನೆಯ ನಕ್ಷೆಯೂ ಇರ್ವಿನ್ನರದೇ. ಅಂದರೆ ಬ್ಯಾಂಕು ಮೊದಲು, ಅರಮನೆ ಆಮೇಲೆ. ಸಾಲ ಮೊದಲು, ವೈಭವ ಆಮೇಲೆ ಎಂಬ ನಮ್ಮ ಮದುವೆಮನೆಗಳ ಕ್ರಮವೇ ಇದು.

ಮದ್ರಾಸಿನ ಆ ಬ್ಯಾಂಕಿನ ಫೋಟೋ ನೋಡಿದ ನಮ್ಮ ಕಾಕಾ, “ಇಷ್ಟ್ ದೊಡ್ಡ ಮನಿ ಕಟ್ಟ್ಯಾರಂದ್ರ ಬಡ್ಡಿ ಎಷ್ಟ್ ಹಚ್ಚ್ಯಾರೋ!” ಅಂದರು. ದಲಾಲಿ ಅಂಗಡಿಯ ಗಾದಿಯ ಮೇಲೆ ವಯಸ್ಸು ಕಳೆದವರ ಮಾತದು.

ಆ ಠೀವಿಗೂ ಕಾರಣವಿತ್ತು. ಪರವೂರಿನ ದುಡ್ಡನ್ನು ಒಳಗೆ ಕರೆಯಲು ಗೋಡೆಯೇ ಸಾಕ್ಷಿ ಹೇಳಬೇಕಿತ್ತು. ಇಷ್ಟು ಇಟ್ಟಿಗೆ ಹೊತ್ತವರು ರಾತ್ರೋರಾತ್ರಿ ಓಡಿಹೋಗಲಾರರು ಎಂದು ಜನ ನಂಬಬೇಕಿತ್ತು. ಆದರೂ ಅದೇ ಮದ್ರಾಸಿನಲ್ಲಿ, 1906ರಲ್ಲಿ, ಭಾರೀ ಹೆಸರಿದ್ದ ಅರ್ಬತ್‌ನಾಟ್ ಕಂಪನಿ ದಿವಾಳಿ ಎದ್ದು ಠೇವಣಿ ಇಟ್ಟವರು ಬೀದಿಗೆ ಬಿದ್ದರು. ಅದರ ಹಿಂದಿನ ವರ್ಷವಷ್ಟೇ ನಮ್ಮ ಪಕ್ಕದ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರ ಸಹಕಾರಿ ಸಂಘ ತೆರೆದಿದ್ದರು. ಅಲ್ಲಿ ಗುಮ್ಮಟ ಬೇಕಾಗಲಿಲ್ಲ. ಸಾಲ ತಗೊಂಡವನ ಮನೆ, ಹೊಲ, ಮಾವನ ಊರು ಎಲ್ಲರಿಗೂ ಗೊತ್ತಿತ್ತು.

ಹಾಗೆಂದು ಚಂದ ಬೇಡವೆನ್ನಲೇ? ಹಾವೇರಿಯಲ್ಲಿ ಯಾವುದಾದರೂ ಬ್ಯಾಂಕು ಸ್ವಂತ ಕಟ್ಟಡಕ್ಕೆ ಮನಸ್ಸು ಮಾಡಿದರೆ, ಮದ್ರಾಸಿನ ಗುಮ್ಮಟ ತರಬೇಕಿಲ್ಲ. ಊರಲ್ಲೇ ಚಾಲುಕ್ಯರ ಕಾಲದ ಸಿದ್ಧೇಶ್ವರ ಗುಡಿಯ ಕಂಬಗಳಿವೆ, ಎಂಜಿನಿಯರರು ನೋಡಿಬರಲಿ. ಗಿರಾಕಿಗಳಿಗೆ ನನ್ನದೊಂದೇ ಮಾತು. ಬ್ಯಾಂಕಿನ ಮುಂಬಾಗಿಲೂ ಬ್ಯಾಡಗಿ ಮೆಣಸಿನಕಾಯಿಯ ಹಾಗೆ: ಬಣ್ಣ ಹೆಚ್ಚು, ಖಾರ ಕಡಿಮೆ. ಖಾರವೆಲ್ಲ ಸಾಲದ ಕಾಗದದ ಸಣ್ಣ ಅಕ್ಷರದಲ್ಲಿರುತ್ತದೆ. ಸಹಿ ಹಾಕುವ ಮುಂಚೆ ಕನ್ನಡಕ ಹಾಕಿಕೊಳ್ಳಿ.