ಅಪಘಾತ ಸುದ್ದಿಯ ಷಡ್ದರ್ಶನ

ಟಿವಿಯ ಕೆಳಗೆ ಕೆಂಪು ಪಟ್ಟಿ ಓಡತೊಡಗಿದರೆ ಚಾದಂಗಡಿಯಲ್ಲಿ ಕೂತವರು ಬಾಯಿಗೆ ಬಂದದ್ದು ಮಾತಾಡುತ್ತಾರೆ ಎಂಬುದು ಮೇಲುನೋಟದ ಅಭಿಪ್ರಾಯ. ಶಾಸ್ತ್ರದೃಷ್ಟಿಯಿಂದ ನೋಡಿದರೆ ಅವರೆಲ್ಲ ಆರು ದರ್ಶನಗಳಲ್ಲಿ ಹಂಚಿಹೋಗುತ್ತಾರೆ. ಆರಕ್ಕೂ ಸಿಗದವರಿಗಾಗಿ ನಮ್ಮ ಹಿರಿಯರು ಚಾರ್ವಾಕವನ್ನು ಮೊದಲೇ ಮಾಡಿಟ್ಟಿದ್ದಾರೆ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ನಾಲ್ಕೂ ಕಡೆ ಚಾ ಕುಡಿದು, ಗಿರಮಿಟ್ಟು ತಿಂದು, ಎದೆಯುರಿಯನ್ನೂ ಗಳಿಸಿ ನಾನು ಈ ವರ್ಗೀಕರಣಕ್ಕೆ ಬಂದಿದ್ದೇನೆ.

ಮೊದಲಿಗೆ ಸಾಂಖ್ಯರು. ಕಪಿಲ ಮುನಿಯ ಸಾಂಖ್ಯಕ್ಕೆ ಇಪ್ಪತ್ತೈದು ತತ್ತ್ವಗಳಾದರೆ ಕಟ್ಟೆಯ ಸಾಂಖ್ಯಕ್ಕೆ ಒಂದೇ: 'ಎಷ್ಟ ಮಂದಿ ಹ್ವಾದ್ರಂತ?' ಚಾನೆಲ್ಲು ಎಂಟು ಅಂದರೆ ಇವರು ಹತ್ತು ಅನ್ನುತ್ತಾರೆ. ಸಂಖ್ಯೆ ಏರಬಹುದು, ಇಳಿಯಬಾರದು, ಇದು ಸಿದ್ಧಾಂತ. 2023ರ ಜೂನ್ 2ರಂದು ಒಡಿಶಾದ ಬಾಲಸೋರ್ ಬಳಿ ರೈಲುಗಳು ಡಿಕ್ಕಿಯಾದಾಗ ಈ ಸಿದ್ಧಾಂತಕ್ಕೇ ಪೆಟ್ಟು ಬಿತ್ತು. ಸತ್ತವರು 288 ಎಂದಿದ್ದ ಲೆಕ್ಕವನ್ನು, ಕೆಲವು ಶವ ಎರಡೆರಡು ಸಲ ಎಣಿಸಿದ್ದೇವೆಂದು ಅಲ್ಲಿನ ಸರಕಾರ 275ಕ್ಕೆ ಇಳಿಸಿತು. ಎರಡು ದಿನ ಬಿಟ್ಟು ಮತ್ತೆ 288 ಅಂದಿತು. 'ಆ ಎರಡ ದಿನ ಆ ಹದಿಮೂರ ಮಂದಿ ಎಲ್ಲಿದ್ರು?' ಎಂದು ನವಲಗುಂದದ ಒಬ್ಬ ಅಜ್ಜ ಕೇಳಿದ. ದರ್ಶನಶಾಸ್ತ್ರದಲ್ಲಿ ಇದಕ್ಕಿಂತ ಕಠಿಣವಾದ ಪ್ರಶ್ನೆಯನ್ನು ನಾನು ಓದಿಲ್ಲ.

ನೈಯಾಯಿಕರದು ಕಾರಣ ಹುಡುಕುವ ಕಸುಬು. ಹೊಗೆ ಕಂಡಲ್ಲಿ ಬೆಂಕಿ ಊಹಿಸುವ ಹಳೇ ಅನುಮಾನವೇ ಇಲ್ಲಿ 'ಡ್ರೈವರ್‌ಗ ಕಣ್ಣ ಹತ್ತಿರಬೇಕ' ಎಂದಾಗಿದೆ. ಪ್ರತಿವಾದಿ ಸಾಮಾನ್ಯವಾಗಿ ಉತ್ತರ ಕೊಡುವ ಸ್ಥಿತಿಯಲ್ಲಿ ಇರುವುದಿಲ್ಲವಾದ್ದರಿಂದ ವಾದ ಬೇಗ ಮುಗಿಯುತ್ತದೆ. ಆದರೆ ಯಾವಾಗಲೂ ಇವರನ್ನು ನೋಡಿ ನಗುವಂತಿಲ್ಲ. 2021ರ ಜನವರಿ 15ರ ಬೆಳಗ್ಗೆ, ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಹಳೇ ಶಾಲಾ ಗೆಳತಿಯರ ಟೆಂಪೊ ಟ್ರಾವೆಲರ್ ಇಟಿಗಟ್ಟಿ ಹತ್ತಿರ ಟಿಪ್ಪರಿಗೆ ಬಡಿದು ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಅಂದು ಡ್ರೈವರನ ಮಾತೇ ಬರಲಿಲ್ಲ. ಬೆಂಗಳೂರಿನಿಂದ ಅಗಲವಾಗಿ ಬರುವ ಹೆದ್ದಾರಿ, ಹುಬ್ಬಳ್ಳಿ-ಧಾರವಾಡದ ಬೈಪಾಸಿಗೆ ಬಂದೊಡನೆ ಆಗ ಎರಡೇ ಪಥ. ನಡುವೆ ಒಂದು ತಡೆಗೋಡೆಯೂ ಇಲ್ಲ. 'ಕೊಡದಾನ ನೀರ ಸೀಸೇಕ ಸುರವಿದ್ರ ಚೆಲ್ಲದ ಏನ್ ಮಾಡ್ತೈತ್ರಿ?' ಅಂದವನು ಕುಂದಗೋಳದ ಒಬ್ಬ ಟ್ರ್ಯಾಕ್ಟರ್ ಚಾಲಕ. ನ್ಯಾಯದ ಪಂಚಾವಯವದಲ್ಲಿ ಮೂರನೆಯದಾದ ಉದಾಹರಣೆಗೆ ಇಷ್ಟು ಚಂದದ ಉದಾಹರಣೆ ಕಾಶಿಯಲ್ಲೂ ಸಿಗಲಿಕ್ಕಿಲ್ಲ.

ವೈಶೇಷಿಕರು ವಿಶೇಷವನ್ನೇ ಹಿಡಿದು ಕೂಡುವವರು. ನುಜ್ಜುಗುಜ್ಜಾದ ಗಾಡಿ ಪರದೆಯ ಮೇಲೆ ಅರೆಗಳಿಗೆ ಕಂಡರೆ ಸಾಕು, 'ಪಾಸಿಂಗ್ ಯಾವ್ದು?' 25 ಧಾರವಾಡ, 63 ಹುಬ್ಬಳ್ಳಿ, 26 ಗದಗ, 27 ಹಾವೇರಿ, 29 ಬಾಗಲಕೋಟಿ. 25 ಕಂಡರೆ ಎದ್ದು ನಿಲ್ಲುತ್ತಾರೆ. 26 ಕಂಡರೆ ಬೀಗರ ನೆನಪಾಗಿ ಫೋನು ತೆಗೆಯುತ್ತಾರೆ. ಮಹಾರಾಷ್ಟ್ರದ ಪಾಸಿಂಗ್ ಇದ್ದರೆ 'ಪಾಪ' ಅಂದು ಇನ್ನೊಂದು ಚಾ ಹೇಳುತ್ತಾರೆ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ವಿಮಾನ ಬಿದ್ದಾಗ ಪಾಸಿಂಗ್ ಇಲ್ಲದೆ ಇವರು ಕಂಗಾಲಾದರು. ಆದರೆ ಅದರಲ್ಲಿದ್ದ 242 ಜನರಲ್ಲಿ ಬದುಕಿದವ ಒಬ್ಬನೇ, ಅವನ ಸೀಟು 11ಎ ಎಂದು ತಿಳಿದದ್ದೇ ಶಾಸ್ತ್ರಕ್ಕೆ ಜೀವ ಬಂತು. ಮುಂದಿನ ವಾರ ಕಲಘಟಗಿ ಬಸ್ಸಿನ ಕಿಟಕಿಯಿಂದ 11ನೇ ನಂಬರಿಗೆ ಟವೆಲ್ ಒಗೆದವನನ್ನು ನಾನೇ ಕಂಡೆ. ಊರು ಬರುವ ತನಕ ನಿಶ್ಚಿಂತೆಯಿಂದ ನಿದ್ದೆ ಹೊಡೆದ.

ಮೀಮಾಂಸಕರು ಕರ್ಮ ಅನ್ನುತ್ತಾರೆ, ವೇದಾಂತಿಗಳು 'ಹೋಗು ಟೈಮ್ ಬಂದಿತ್ತ' ಅನ್ನುತ್ತಾರೆ. ಇವರಿಬ್ಬರಿಗೂ ಸುದ್ದಿಯೇ ಬೇಕಿಲ್ಲ, ಹಾಗಾಗಿ ಮುಂದೆ ಹೋಗೋಣ.

ಅಣ್ಣಿಗೇರಿಯಲ್ಲಿ ಮಾತ್ರ ಒಂದು ಉಪಶಾಖೆ ಪ್ರಬಲ: 'ನಾ ಹೇಳಿದ್ದಿಲ್ಲೇನ?' ಶಾಖೆ. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆ ಈ ಊರಿನ ಜೋಯಿಸ ಸಿಂಘನ ಮೊಮ್ಮಗಳೆಂದು ಗಂಗಾಧರಂ ಶಾಸನ ಹೇಳುತ್ತದೆ. ಜೋಯಿಸಿಕೆ ಇಲ್ಲಿನ ನೀರಿನಲ್ಲೇ ಇರಬೇಕು. ಕೊರತೆ ಒಂದೇ, ಈಗಿನವರು ಭವಿಷ್ಯವನ್ನು ಆದ ಮೇಲೆ ನುಡಿಯುತ್ತಾರೆ. 2010ರ ಮೇ 22ರಂದು ಮಂಗಳೂರಿನಲ್ಲಿ ದುಬೈ ವಿಮಾನ ಬಿದ್ದು 158 ಜನ ಸತ್ತರು. 2012ರ ಮೇ 22ರ ನಸುಕಿಗೆ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೊರಟ ಹಂಪಿ ಎಕ್ಸ್‌ಪ್ರೆಸ್ ಆಂಧ್ರದ ಪೆನುಕೊಂಡದಲ್ಲಿ ನಿಂತಿದ್ದ ಗೂಡ್ಸ್ ಗಾಡಿಗೆ ಗುದ್ದಿತು. ಎರಡೂ ತಾರೀಖು ಕೂಡಿದ ಮೇಲೆ ಇವರನ್ನು ಹಿಡಿಯುವವರಿಲ್ಲ. ನಡುವಿನ 2011ರ ಮೇ 22ರಂದು ಏನಾಗಿತ್ತು ಎಂದು ಕೇಳಿದೆ. 'ಆವತ್ತ ತಪ್ಪಿತ್ತ' ಅಂದರು.

ಚಾರ್ವಾಕರು ಪ್ರತ್ಯಕ್ಷವನ್ನಷ್ಟೇ ನಂಬುವುದರಿಂದ ಸುದ್ದಿ ಬಂದೊಡನೆ ಬೈಕು ಹತ್ತುತ್ತಾರೆ. ಸುದ್ದಿ ಬಾಂಬಿನದಾದರೆ ಊರು ಒಂದು ದಿಕ್ಕಿಗೆ, ಇವರು ಇನ್ನೊಂದು ದಿಕ್ಕಿಗೆ. 2019ರ ಅಕ್ಟೋಬರ್ 21ರಂದು ಹುಬ್ಬಳ್ಳಿ ರೈಲು ನಿಲ್ದಾಣದಲ್ಲಿ ಪೊಟ್ಟಣವೊಂದು ಸಿಡಿದು ಒಬ್ಬರಿಗೆ ಗಾಯವಾಯಿತಲ್ಲ, ಆಮೇಲೆ ಎಷ್ಟೋ ದಿನ ನಮ್ಮ ಬಸ್ಸುಗಳಲ್ಲಿ ಬಿಡಿಯಾಗಿ ಕೂತ ಚೀಲಕ್ಕೆಲ್ಲ ವಿಚಾರಣೆ. ಸೀಟಿನ ಕೆಳಗಿನ ಗಂಟು ನೋಡಿ 'ಯಾರ್ದಿದು?' ಎಂದು ಹುಡುಗನೊಬ್ಬ ಕೂಗಿದ. 'ನಂದೋ ಯಪ್ಪಾ, ರೊಟ್ಟಿ ಅದಾವು' ಎಂದ ಮುದುಕಿ ಅದನ್ನು ಬಿಚ್ಚಿ ತೋರಿಸಿದ್ದಲ್ಲದೆ, ಶೇಂಗಾ ಹಿಂಡಿ ಹಚ್ಚಿ ಒಂದನ್ನು ಅವನ ಕೈಗೇ ಇಟ್ಟಳು. ಪ್ರತ್ಯಕ್ಷ ಪ್ರಮಾಣಕ್ಕೆ ರುಚಿಯೂ ಸೇರುತ್ತದೆ.

ಉಳಿದದ್ದು ಯೋಗ. ಯೋಗ ಅಂದರೆ ಕೂಡುವುದು. 2022ರ ಮೇ ತಿಂಗಳಲ್ಲಿ ಧಾರವಾಡ ತಾಲೂಕಿನ ಬಾಡ ಹತ್ತಿರ, ಮದುವೆ ಮನೆಯಿಂದ ತಿರುಗಿ ಹೊರಟಿದ್ದ ಕ್ರೂಸರ್ ಮರಕ್ಕೆ ಬಡಿದಾಗ ಕಟ್ಟೆಯ ಮೇಲೆ ಎಷ್ಟು ಮಂದಿ, ಯಾವ ಪಾಸಿಂಗ್ ಎಂದು ಯಾರೂ ಕೇಳಲಿಲ್ಲ. 'ಯಾರ ಪೈಕಿ?' ಅಂದರು. ಉತ್ತರ ಸಿಕ್ಕವರು ಹೆಗಲಿಗೆ ಟವೆಲ್ ಹಾಕಿ ಎದ್ದರು.

ಬೇರೆ ದರ್ಶನಗಳೂ ಇದೇ ಪ್ರಶ್ನೆಯನ್ನು ಸುತ್ತುಬಳಸಿ ಕೇಳುತ್ತವೆಯೋ ಎಂಬ ಗುಮಾನಿ ನನಗೆ ಮೊದಲು ಬಂದದ್ದು ಪೆನುಕೊಂಡದ ಮುಂಜಾನೆ. ಆ ರೈಲು ಅಣ್ಣಿಗೇರಿ ಮೇಲೇ ಹಾದುಹೋಗುತ್ತದೆ. ಚಾದಂಗಡಿಯ ಮೂಲೆಯಲ್ಲಿ ಕೂತ ಕಾಕಾನ ಮಗ ಹಿಂದಿನ ಸಂಜೆ ಬೆಂಗಳೂರಿಗೆಂದು ಮನೆ ಬಿಟ್ಟಿದ್ದ. ಕಾಕಾ ಫೋನು ಹಚ್ಚಿದರೆ, ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂಬ ಹೆಣ್ಣುದನಿ. ಮತ್ತೆ ಹಚ್ಚಿದ. ಅದೇ ದನಿ. ಅಂಗಡಿಯವ ತಾನಾಗಿಯೇ ಟಿವಿ ಸಣ್ಣ ಮಾಡಿದ. ಸಾಂಖ್ಯ ಸುಮ್ಮನಾದ, ನೈಯಾಯಿಕ ಬಸಿಯಲ್ಲಿ ಉಳಿದ ಚಾ ನೋಡುತ್ತ ಕೂತ. ನಾಲ್ಕನೇ ಸಲಕ್ಕೆ ಗಂಟೆ ಬಾರಿಸಿತು. ಅತ್ತಲಿಂದ ನಿದ್ದೆಗಣ್ಣಿನ ಮಾತು ನಮಗೂ ಕೇಳಿಸಿತು: 'ಯಪ್ಪಾ, ರೈಲಿನ್ಯಾಗ ಜಾಗಾ ಸಿಗಲಿಲ್ಲ, ಬಸ್ಸಿಗೆ ಬಂದೇನಿ. ಯಾಕ ಇಷ್ಟ ನಸಕ್ಲೆ?'

ಕಾಕಾ ಎಡಗೈಲೆ ಬೆಂಚಿನ ಅಂಚು ಹಿಡಿದುಕೊಂಡಿದ್ದ.

'ಏನಿಲ್ಲೋ,' ಅಂದ. 'ಜ್ವಾಳ ಹಿಟ್ಟ ಮಾಡಿಸಿ ಕಳಸಲ್ಯೋ, ಹಂಗ ಕಳಸಲ್ಯೋ ಅಂತ ಕೇಳಾಕ ಹಚ್ಚಿದ್ನಿ.'