ನಾಲ್ಕು ತಾಲ್ಲೂಕಿನ ಒಂದು 'ಕಸ್ತೂರಿ'

ತುಮಕೂರಿನಿಂದ ಕೊರಟಗೆರೆಯ ಮೇಲೆ ಬಂದು ಪಾವಗಡಕ್ಕೆ ಹೋಗುವ ದಾರಿಯೂ, ಶಿರಾದಿಂದ ಬಡವನಹಳ್ಳಿಯನ್ನು ಹಾದು ಬರುವ ದಾರಿಯೂ ಕೂಡುವುದು ಮಧುಗಿರಿಯಲ್ಲಿಯೇ ಆದುದರಿಂದ, ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ಎಂಬ ಈ ನಾಲ್ಕು ತಾಲ್ಲೂಕುಗಳ ಜನರಿಗೆ ಪರಸ್ಪರ ಜಗಳವಾಡಬೇಕೆಂಬ ಅಭಿಲಾಷೆ ಹುಟ್ಟಿದಾಗ ಅದಕ್ಕೆ ಪ್ರಶಸ್ತವಾದ ಸ್ಥಳವೆಂದರೆ ಅಲ್ಲಿಯ ಬಸ್ ನಿಲ್ದಾಣದ ಎದುರಿನ ಹೋಟೆಲು. ಇದು 1960ರ ದಶಕದ ಮಾತು. ಹುಬ್ಬಳ್ಳಿಯ ಲೋಕಶಿಕ್ಷಣ ಟ್ರಸ್ಟಿನವರು 1956ರಲ್ಲಿ, ಅಂದರೆ ಕನ್ನಡನಾಡು ಒಂದಾದ ವರ್ಷದಲ್ಲಿಯೇ, ಆರಂಭಿಸಿದ 'ಕಸ್ತೂರಿ' ಮಾಸಪತ್ರಿಕೆಯ ಒಂದು ಪ್ರತಿಯನ್ನು ನಾಲ್ವರು ಕೂಡಿ ಕೊಳ್ಳತಕ್ಕದ್ದೆಂಬ ಒಡಂಬಡಿಕೆ ಆ ಹೋಟೆಲಿನ ಮೂಲೆಯ ಮೇಜಿನಲ್ಲಿ ಆಗಿತ್ತು. ಹಣವನ್ನು ನಾಲ್ಕು ಪಾಲು ಮಾಡುವುದು ಸುಲಭ. ಪತ್ರಿಕೆಯ ವಿಷಯ ಹಾಗಲ್ಲ.

ಮೇಷ್ಟ್ರು (ಮಧುಗಿರಿ): (ಹೊದಿಕೆಯ ಧೂಳನ್ನು ಪಂಚೆಯ ಅಂಚಿನಿಂದ ಒರೆಸುತ್ತ) ಮಹನೀಯರೇ, ಕಥೆಯೇನು, ವಿಜ್ಞಾನವೇನು, ಪ್ರವಾಸವೇನು, ವೈದ್ಯವೇನು, ಮಹಾಪುರುಷರ ಬಾಳಿನ ಪ್ರಸಂಗವೇನು, ಕಟ್ಟಕಡೆಯಲ್ಲಿ ಒಂದು ಇಡೀ ಗ್ರಂಥವನ್ನೇ ಸಂಗ್ರಹಿಸಿ ಕೊಡುವ ಪುಸ್ತಕ ವಿಭಾಗವೇನು, ಇವೆಲ್ಲವೂ ಕೋಟಿನ ಜೇಬಿಗೆ ಹಿಡಿಸುವಷ್ಟು ಗಾತ್ರದಲ್ಲಿ ಅಡಕವಾಗಿರುವಾಗ, ಇದನ್ನು ಮೊದಲ ಪುಟದಿಂದ ಕಡೆಯ ಪುಟದವರೆಗೆ ಕ್ರಮ ತಪ್ಪದೆ ಓದುವ ಸಹನೆ ನಮ್ಮಲ್ಲಿ ನನಗೊಬ್ಬನಿಗೇ ಇರುವುದರಿಂದ, ಪ್ರಥಮ ವಾಚನದ ಹಕ್ಕು ನನ್ನದೆಂದು ವಿನಯಪೂರ್ವಕವಾಗಿ ನಿವೇದಿಸಿಕೊಳ್ಳುತ್ತೇನೆ.

ಕಾಂಪೌಂಡರ್ (ಕೊರಟಗೆರೆ): ಹೋದ ತಿಂಗಳೂ ಇದೇ ವಿನಯದಿಂದ ತೆಗೆದುಕೊಂಡು ಹೋದಿರಿ. ನಮ್ಮ ಕೈಗೆ ಬರುವಾಗ ಪ್ರತಿ ಪುಟದ ಅಂಚಿನಲ್ಲಿಯೂ ಕೆಂಪು ಶಾಯಿಯಲ್ಲಿ ಕಾಗುಣಿತ ತಿದ್ದಿ, ಕೊನೆಯಲ್ಲಿ ನೂರಕ್ಕೆ ಅರವತ್ತೆರಡು ಅಂಕ ಹಾಕಿದ್ದಿರಿ!

ಮೇಷ್ಟ್ರು: ಅರವತ್ತೆರಡೆಂದರೆ ಪ್ರಥಮ ದರ್ಜೆ, ಸ್ವಾಮಿ. 'ಪದಾರ್ಥ ಚಿಂತಾಮಣಿ' ಬರೆಯುವ ಪಾ. ವೆಂ. ಆಚಾರ್ಯರು ಸಂಪಾದಕರೆಂಬ ಗೌರವದಿಂದ ಧಾರಾಳವಾಗಿ ಕೊಟ್ಟೆ.

ಕಂಬಳಿ ಸಾಹುಕಾರರು (ಶಿರಾ): ಅವರಿಗಿಂತ ಹರಟೆ ಬರೆಯುವ ಲಾಂಗೂಲಾಚಾರ್ಯರಿಗೆ ಹೆಚ್ಚು ಕೊಡಬೇಕಾಗಿತ್ತು. ನಗಿಸುವುದೇನು ಸುಮ್ಮನೆಯೇ?

ಮೇಷ್ಟ್ರು: ಅವರೇ ಇವರು. ಅದು ಆಚಾರ್ಯರ ಕಾವ್ಯನಾಮ.

ಸಾಹುಕಾರರು: ಇಬ್ಬರೂ ಒಬ್ಬರೆಯೋ? ಹಾಗಾದರೆ ಸಂಬಳ ಎರಡೋ ಒಂದೋ?

ಸೆಟ್ಟರು (ಪಾವಗಡ): ಒಂದೇ ಇರುತ್ತದೆ. ಎರಡಿದ್ದರೆ ನಗಿಸುವ ಹೆಸರಿಟ್ಟುಕೊಳ್ಳುತ್ತಿದ್ದರೇ?

ಸಾಹುಕಾರರು: ಅದಿರಲಿ. ಹಕ್ಕಿನ ಮಾತು ಬಂದರೆ ಈ ಪತ್ರಿಕೆ ಶಿರಾಕ್ಕೆ ಸೇರತಕ್ಕದ್ದು. ನಮ್ಮ ಊರಿನ ಕೋಟೆ ಕಟ್ಟಲು ಕೈಹಾಕಿದವನು ಕಸ್ತೂರಿ ರಂಗಪ್ಪನಾಯಕ. ಪತ್ರಿಕೆ ಹುಟ್ಟುವುದಕ್ಕೆ ಮುನ್ನೂರು ವರ್ಷ ಮೊದಲೇ ನಾವು ಹೆಸರು ಕಾದಿರಿಸಿದ್ದೆವು.

ಕಾಂಪೌಂಡರ್: ಹಾಗಾದರೆ ಜೇನುಹುಳದ ಲೇಖನಗಳನ್ನೆಲ್ಲ ಮಧುಗಿರಿಯವರು ಹರಿದಿಟ್ಟುಕೊಳ್ಳಲಿ!

ಸಾಹುಕಾರರು: ನಗಬೇಡಿ. 1687ರಲ್ಲಿ ಔರಂಗಜೇಬನ ಸೇನಾನಿ ಖಾಸಿಂ ಖಾನನು ದಂಡೆತ್ತಿ ಬಂದಾಗ ಬೆಂಗಳೂರೂ ಅವನ ಕೈಯಲ್ಲಿತ್ತು, ಶಿರಾವೂ ಅವನ ಕೈಯಲ್ಲಿತ್ತು. ಬೆಂಗಳೂರನ್ನು ಮೂರು ಲಕ್ಷ ರೂಪಾಯಿಗೆ ಚಿಕ್ಕದೇವರಾಜ ಒಡೆಯರಿಗೆ ಮಾರಿ, ಶಿರಾವನ್ನು ಸುಬಾದ ರಾಜಧಾನಿಯಾಗಿ ತಾನೇ ಇಟ್ಟುಕೊಂಡ. ಎರಡರಲ್ಲಿ ಬೆಲೆಬಾಳುವುದು ಯಾವುದೆಂದು ವ್ಯಾಪಾರ ತಿಳಿದವನಿಗೆ ಗೊತ್ತಿತ್ತು.

ಸೆಟ್ಟರು: ಇಷ್ಟೂ ಈ ತಿಂಗಳ ಸಂಚಿಕೆಯಲ್ಲಿ ಬಂದಿದೆಯೋ?

ಸಾಹುಕಾರರು: ಎಲ್ಲಿ ಬಂದಿದೆ? ಚರಿತ್ರೆಯೆಂದು ರೋಮಾಪುರಿಯ ವಿಷಯ ಹಾಕಿದ್ದಾರೆ. ಅವರು ಬರೆಯದೆ ಬಿಟ್ಟದ್ದನ್ನು ನಾನು ತುಂಬಿಸಿಕೊಂಡು ಓದುತ್ತೇನೆ. ಅದಕ್ಕೆ ಸಾವಕಾಶ ಬೇಕು.

ಕಾಂಪೌಂಡರ್: ಪತ್ರಿಕೆಯ ಕಟ್ಟು ಬರುವುದು ಕೊರಟಗೆರೆಯ ಮೇಲೆಯೇ. ನಿಮ್ಮೆಲ್ಲರಿಗಿಂತ ಮೊದಲು ನಮ್ಮೂರ ಧೂಳು ಅದಕ್ಕೆ ತಾಗಿರುತ್ತದೆ. ಅಲ್ಲದೆ ಸಿದ್ಧರಬೆಟ್ಟದ ಬೇರು ನಾರುಗಳ ನಡುವೆ ಹುಟ್ಟಿ ಬೆಳೆದು, ಮಿಕ್ಸ್‌ಚರ್ ಕಲಸುತ್ತ ತಲೆ ನರೆತ ನಾನು ಪರೀಕ್ಷಿಸದೆ, ಕೆಮ್ಮಿನ ಮೇಲಿನ ಈ ಲೇಖನವನ್ನು ಸಾರ್ವಜನಿಕರ ಕೈಗೆ ಬಿಡುವುದು ಅಪಾಯ.

ಮೇಷ್ಟ್ರು: ಆದರೆ ತಾವು ಈಗ ಓದುತ್ತಿರುವುದು ಪತ್ತೇದಾರಿ ಕಥೆಯಲ್ಲವೇ?

ಕಾಂಪೌಂಡರ್: ಅದರಲ್ಲಿ ವಿಷಪ್ರಯೋಗ ಇದೆ, ಮೇಷ್ಟ್ರೇ. ಅದೂ ಔಷಧವೇ. ಪ್ರಮಾಣ ಹೆಚ್ಚು, ಅಷ್ಟೆ.

(ಇಲ್ಲಿ ಒಂದು ಸಂಗತಿಯನ್ನು ಹೇಳಿಬಿಡುವುದು ಉಚಿತ. ಲೇಖನ ಮುಗಿದರೂ ಪುಟ ಮುಗಿಯದೆ ಉಳಿದಾಗ, ಆ ಖಾಲಿ ಜಾಗವನ್ನು ಕಂಡು ಕಂಗೆಡುವ ಮುದ್ರಕನ ಸಮಾಧಾನಕ್ಕಾಗಿ ತಳದಲ್ಲಿ ಸೇರಿಸುವ ಎರಡು ಮೂರು ಸಾಲಿನ ನಗೆಹನಿಗಳನ್ನು ನಾಲ್ವರೂ ಆಗಲೇ ಓದಿ ಮುಗಿಸಿದ್ದರು. ನಾಲ್ವರಲ್ಲಿ ಒಬ್ಬರೂ ಅದನ್ನು ಒಪ್ಪಲಿಲ್ಲ.)

ಸೆಟ್ಟರು: ನನ್ನ ಮನೆಯಲ್ಲಿ ಈ ರಗಳೆಯೇ ಇಲ್ಲ. ಪಾವಗಡಕ್ಕೆ ಮೂರು ಕಡೆಯೂ ಆಂಧ್ರ. ಮೊಮ್ಮಗ ಕನ್ನಡ 'ಚಂದಮಾಮ' ಓದುತ್ತಾನೆ, ಹೆಂಡತಿ ತೆಲುಗು 'ಚಂದಮಾಮ' ಓದುತ್ತಾಳೆ. ಒಂದೇ ಬೇತಾಳ ಎರಡು ಭಾಷೆಯಲ್ಲಿ ಮರ ಹತ್ತುತ್ತದೆ, ಜಗಳವಿಲ್ಲ. ನನಗೆ ಕಡಲೆಕಾಯಿಯ ಲೇಖನ ಕೊಟ್ಟುಬಿಡಿ, ಸಾಕು.

ಮೇಷ್ಟ್ರು: ಕಡಲೆಕಾಯಿಯ ವಿಷಯದಲ್ಲಿ ತಮಗೆ ಗೊತ್ತಿಲ್ಲದ್ದು ಅದರಲ್ಲಿ ಏನಿದ್ದೀತು?

ಸೆಟ್ಟರು: ಅದು ದಕ್ಷಿಣ ಅಮೆರಿಕದ ಗಿಡವಂತೆ. ಅಲ್ಲಿಂದ ಹೊರಟು ಪಾವಗಡದ ಕೆಂಪು ನೆಲ ಸೇರಿತಲ್ಲ, ಪುಣ್ಯ ಮಾಡಿತ್ತು. ಹೂವು ಬಾಡಿದ ಮೇಲೆ ಊಡು ಕೆಳಗಿಳಿದು, ಮಣ್ಣು ಹೊಕ್ಕು, ಒಳಗೆ ಕಾಯಾಗುತ್ತದೆಂದು ಬರೆದಿದ್ದಾರೆ. ಒಪ್ಪಿದೆ. ಆದರೆ ಸರಿಯಾಗಿ ಊಡು ಇಳಿಯುವ ವಾರದಲ್ಲಿ ಮಳೆ ಕೈಕೊಟ್ಟರೆ, ಮೇಲ್ಮಣ್ಣು ಹೆಪ್ಪುಗಟ್ಟಿ, ಆ ಊಡು ಮುರಿದ ಸೂಜಿಯ ಹಾಗೆ ನೆಲದ ಮೇಲೆಯೇ ನಿಂತು ತುದಿ ಕಪ್ಪಗಾಗಿ ಒಣಗುವುದನ್ನು ಬರೆದಿಲ್ಲ. ಗಿಡ ನೋಡಿದರೆ ಹಸಿರಾಗಿಯೇ ಇರುತ್ತದೆ, ಕಿತ್ತರೆ ಬೇರು ಮಾತ್ರ. ಆ ಪುಟವನ್ನು ಕೊಡಿ, ಖಾಲಿ ಜಾಗದಲ್ಲಿ ಬರೆದು ಹುಬ್ಬಳ್ಳಿಗೆ ಕಳಿಸುತ್ತೇನೆ.

ಸಾಹುಕಾರರು: ಸೆಟ್ಟರು ದಾರಿ ತೋರಿಸಿದರು! ಪಿನ್ನು ಬಿಚ್ಚಿ ನಾಲ್ಕು ಪಾಲು ಮಾಡೋಣ. ಚರಿತ್ರೆ ಶಿರಾಕ್ಕೆ, ವೈದ್ಯ ಕೊರಟಗೆರೆಗೆ, ಬೇಸಾಯ ಪಾವಗಡಕ್ಕೆ, ಪುಸ್ತಕ ವಿಭಾಗ ಮಧುಗಿರಿಗೆ.

ಮೇಷ್ಟ್ರು: ಶಿವ ಶಿವಾ! ಸರಸ್ವತಿಯ ಅಂಗಚ್ಛೇದನಕ್ಕೆ ನಾನು ಸಾಕ್ಷಿಯಾಗಲಾರೆ. (ಸ್ವಲ್ಪ ತಡೆದು) ಹೊದಿಕೆ ಯಾರಿಗೆ?

ಸಾಹುಕಾರರು: ನಿಮಗೇ.

ಮೇಷ್ಟ್ರು: ಹಾಗಾದರೆ ಜೋಪಾನವಾಗಿ ಬಿಚ್ಚಿ.

(ಪಿನ್ನು ಬಿಚ್ಚಿದರು. ಹಾಳೆಗಳು ಹೋಟೆಲಿನ ಮೇಜಿನ ಮೇಲೆ ಕಾಫಿ ಲೋಟಗಳ ನಡುವೆ ಹರಡಿಕೊಂಡವು. ಒಂದು ಹಾಳೆಗೆ ಎರಡು ಮುಖಗಳಿರುವುವೆಂಬ, ಒಂದನೆಯ ತರಗತಿಯ ಬಾಲಕನಿಗೂ ತಿಳಿದ ಸತ್ಯವು ಈ ನಾಲ್ವರು ವಿಚಾರವಂತರಿಗೆ ಹೊಳೆದದ್ದು ಆಮೇಲೆ.)

ಕಾಂಪೌಂಡರ್: ಇದೇನಿದು! ನನ್ನ ಪತ್ತೇದಾರಿ ಕಥೆಯ ಕಡೆಯಿಂದ ಎರಡನೆಯ ಪುಟ ಕಡಲೆಕಾಯಿಯ ಬೆನ್ನಿಗಿದೆ!

ಸೆಟ್ಟರು: ನನ್ನ ಕಡಲೆಕಾಯಿಯ ಆರಂಭ ನಿಮ್ಮ ಕೆಮ್ಮಿನ ಬೆನ್ನಿಗಿದೆ. ನಾನೇನಾದರೂ ಅತ್ತೆನೇ?

ಕಾಂಪೌಂಡರ್: ಕೊಲೆಗಾರನ ಹೆಸರು ಹೊರಬೀಳುವ ಪುಟ ಅದು. ಅದಿಲ್ಲದೆ ಕೊರಟಗೆರೆಗೆ ಹೋಗಿ ಹೇಗೆ ಮಲಗಲಿ?

ಮೇಷ್ಟ್ರು: ಶಾಂತರಾಗಿ. ವಿವಾದಾಸ್ಪದ ಪುಟಗಳನ್ನೆಲ್ಲ ನಾನು ಗಟ್ಟಿಯಾಗಿ ಓದುತ್ತೇನೆ. ಎಲ್ಲರೂ ಕೇಳತಕ್ಕದ್ದು. ಮೊದಲು ಲೇಖಕರ ಶೈಲಿಯ ವಿಷಯದಲ್ಲಿ ಎರಡು ಮಾತು...

(ಎರಡು ಮಾತು ಇಪ್ಪತ್ತು ಮಾತಾಗುವಷ್ಟರಲ್ಲಿ ಶಿರಾ ಬಸ್ಸು ಹಾರನ್ ಮಾಡಿತು. ಕಂಬಳಿ ಸಾಹುಕಾರರು ರೋಮಾಪುರಿಯನ್ನು ನಾಲ್ಕಾಗಿ ಮಡಿಸಿ ಕಂಬಳಿಯ ಗಂಟಿಗೆ ಸಿಕ್ಕಿಸಿಕೊಂಡು ಓಡಿದರು. ಅದರ ಬೆನ್ನ ಹಿಂದೆ ಏನಿದೆಯೆಂದು ನೋಡಲು ಯಾರಿಗೂ ತೋಚಲಿಲ್ಲ. ಶಿರಾ ಬಸ್ಸು ಹೊರಟ ಸ್ವಲ್ಪ ಹೊತ್ತಿಗೇ ಪಾವಗಡದ ಬಸ್ಸು ಬಂದಿತು. ಸೆಟ್ಟರು ಕಿಟಕಿಯ ಪಕ್ಕದ ಸೀಟು ಹಿಡಿದು, ಕಡಲೆಕಾಯಿಯನ್ನು ಮಗುಚಿ, ತುಟಿಯಾಡಿಸುತ್ತ ಓದಿದರು.)

ಸೆಟ್ಟರು: (ಕಿಟಕಿಯಿಂದ ತಲೆ ಹೊರಹಾಕಿ) ಕಾಂಪೌಂಡರೇ! ಇನ್ನು ಸುಖವಾಗಿ ಮಲಗಿ! ಕೊಂದವನು ಅಳಿಯ!

ಕಾಂಪೌಂಡರ್: ಅಳಿಯನೇ? ನಾನು ಮೊದಲೇ ಹೇಳಿದ್ದೆ!

ಕಂಡಕ್ಟರ್: (ಟಿಕೆಟ್ಟಿನ ಚೀಲ ಸರಿಮಾಡಿಕೊಳ್ಳುತ್ತ) ಯಾರು ಸ್ವಾಮಿ ಅಳಿಯನ ಮೇಲೆ ಅಪವಾದ ಹೊರಿಸುವವರು? ಬೆಳಿಗ್ಗೆ ತುಮಕೂರಿನಿಂದ ಆ ಕಟ್ಟು ತಂದವನೇ ನಾನು. ಕೊರಟಗೆರೆ ಬರುವಷ್ಟರಲ್ಲಿ ಓದಿ ಮುಗಿಸಿದ್ದೆ. ಅಳಿಯನ ಮೇಲೆ ಅನುಮಾನ ಈ ಪುಟದಲ್ಲಿ ಮಾತ್ರ. ನಿಜವಾದ ಕೊಲೆಗಾರ ಮುಂದಿನ ಪುಟದಲ್ಲಿದ್ದಾನೆ.

ಮೇಷ್ಟ್ರು: ಮುಂದಿನ ಪುಟ ಎಲ್ಲಿ?

ಕಂಡಕ್ಟರ್: ರೋಮಾಪುರಿಯ ಹಿಂಬದಿಗೆ.

ಕಾಂಪೌಂಡರ್: ಅಯ್ಯೋ, ಅದು ಶಿರಾ ಬಸ್ಸಿನಲ್ಲಿ ಹೋಯಿತಲ್ಲಪ್ಪ! ನೀನೇ ಹೇಳಿಬಿಡು, ಯಾರು ಕೊಂದವನು?

ಕಂಡಕ್ಟರ್: ಹೇಳಬಹುದು. ಆದರೆ ತಾವು ಈ ಬಸ್ಸಿನ ಪ್ಯಾಸೆಂಜರ್ ಅಲ್ಲವಲ್ಲ. ರೈಟ್, ಹೋಗಲಿ!