ಕಂಪ್ಯೂಟರ್ ಬ್ಯೂರೆಟ್ಟು, ಕೈಯ ಬ್ಯೂರೆಟ್ಟು

“ಸರ್, ನಮ್ಮ ಹುಡುಗಿ ಕೆಮಿಸ್ಟ್ರಿ ಪ್ರಾಕ್ಟಿಕಲ್ ಎಲ್ಲಾ ಲ್ಯಾಪ್‌ಟಾಪ್‌ನಲ್ಲೇ ಮಾಡ್ತಿದ್ದಾಳೆ. ಇನ್ನು ಲ್ಯಾಬಿಗೆ ಹೋಗೋದೇ ಬೇಡವಂತೆ. ಹೌದೇನ್ರಿ?” ಕಾಚಿಗುಡದ ನಮ್ಮ ಪಕ್ಕದ ಮನೆಯ ಅಕ್ಕ ಕಾಂಪೌಂಡಿನ ಆಚೆಯಿಂದ ಕೇಳಿದರು. ಮಗಳು ಇಂಟರ್ ಎರಡನೇ ವರ್ಷ.

“ಬೇಡ ಅನ್ನೋದು ತಪ್ಪು ಅಕ್ಕಾ. ಆದ್ರೆ ಅವಳು ಮಾಡ್ತಿರೋದೂ ವ್ಯರ್ಥ ಅಲ್ಲ. ನಮ್ಮ ಗಚ್ಚಿಬೌಲಿಯ ಟ್ರಿಪಲ್ ಐಟಿಯವರೇ ಈ ವರ್ಚುವಲ್ ಲ್ಯಾಬ್ ಕೆಲಸದಲ್ಲಿ ವರ್ಷಗಳಿಂದ ಇದ್ದಾರೆ. ದಿಲ್ಲಿ ಐಐಟಿ ಮುಂದಾಳು, ಸುರತ್ಕಲ್‌ನ ಎನ್‌ಐಟಿಕೆನೂ ಜೊತೆಗಿದೆ, ಖರ್ಚು ಕೇಂದ್ರ ಸರ್ಕಾರದ್ದು. ಹೈಸ್ಕೂಲು, ಇಂಟರ್ ಮಕ್ಕಳಿಗೆ ಓಲ್ಯಾಬ್ಸ್ ಅಂತ ಬೇರೆಯೇ ಇದೆ. ಅಮೃತ ವಿಶ್ವವಿದ್ಯಾಪೀಠ, ಸಿ-ಡ್ಯಾಕ್ ಸೇರಿ ಮಾಡಿದ್ದು. 2020ರ ಲಾಕ್‌ಡೌನ್‌ನಲ್ಲಿ ಲ್ಯಾಬುಗಳೆಲ್ಲ ಮುಚ್ಚಿದ್ದಾಗ ಇಂಥವು ಇಲ್ಲದಿದ್ರೆ ಮಕ್ಕಳು ಪುಸ್ತಕದ ಚಿತ್ರ ನೋಡ್ಕೊಂಡೇ ಕೂತಿರಬೇಕಿತ್ತು.”

“ಮತ್ತೆ ಕೊರತೆ ಏನು?”

“ಪರ್ಮ್ಯಾಂಗನೇಟ್ ಟೈಟ್ರೇಶನ್ನೇ ತಗೊಳ್ಳಿ. ಆಕ್ಸಾಲಿಕ್ ಆಮ್ಲಕ್ಕೆ ಸಲ್ಫ್ಯೂರಿಕ್ ಆಮ್ಲ ಸೇರಿಸಿ, ಬಿಸಿ ಮಾಡಿ, ಮೇಲೆ ಬ್ಯೂರೆಟ್ಟಿಂದ ನೇರಳೆ ಪರ್ಮ್ಯಾಂಗನೇಟ್ ದ್ರಾವಣ ಬಿಡ್ತೀವಿ. ಮೊದಲ ಹನಿಯ ಬಣ್ಣ ಬೇಗ ಹೋಗೋದೇ ಇಲ್ಲ. ಮಕ್ಕಳು ಆಗಲೇ ಮುಗೀತು ಅಂದ್ಕೊಂಡುಬಿಡ್ತಾರೆ. ತಾಳ್ಮೆಯಿಂದ ಅಲ್ಲಾಡಿಸ್ತಾ ಇದ್ರೆ ಒಳಗೆ ಮ್ಯಾಂಗನೀಸ್ ಅಯಾನು ಹುಟ್ಟಿ ಅದೇ ಕ್ರಿಯೆಯನ್ನ ಚುರುಕು ಮಾಡುತ್ತೆ, ಆಮೇಲೆ ಬಿದ್ದ ಹನಿ ಬಿದ್ದ ಹಾಗೇ ಮಾಯ. ಕೊನೆಗೆ ತಿಳಿ ಗುಲಾಬಿ ಉಳೀಬೇಕು. ಒಂದು ಹನಿ ಹೆಚ್ಚಾಯ್ತೋ, ಬಣ್ಣ ಗಾಢ, ರೀಡಿಂಗ್ ಕೆಟ್ಟಂಗೆ. ಎಡಗೈಲಿ ಬ್ಯೂರೆಟ್ಟಿನ ಕೀಲಿ, ಬಲಗೈಲಿ ಫ್ಲಾಸ್ಕು, ಕಣ್ಣು ಬಣ್ಣದ ಮೇಲೆ. ಈ ಮೂರೂ ಒಟ್ಟಿಗೆ ಹೊಂದೋದನ್ನ ಮೌಸ್ ಹೇಗೆ ಕಲಿಸುತ್ತೆ, ಹೇಳಿ? ಹೊಗೆಯಾಡೋ ಆಮ್ಲಕ್ಕೆ ಕೊಡಬೇಕಾದ ಮರ್ಯಾದೆನೂ ನಿಜವಾದ ಲ್ಯಾಬಲ್ಲೇ ಬರೋದು.”

“ಹಾಗಾದ್ರೆ ಕಂಪ್ಯೂಟರ್ ಯಾತಕ್ಕೆ?”

“ಮುಂಚೆ ಒಂದೆರಡು ಸಲ ಅದರಲ್ಲಿ ಮಾಡಿದ ಹುಡುಗಿ ಲ್ಯಾಬಿಗೆ ಬಂದಾಗ ತಬ್ಬಿಬ್ಬಾಗಲ್ಲ. ಏನಾದ ಮೇಲೆ ಏನು ಅಂತ ಗೊತ್ತಿರುತ್ತೆ. ಅದಲ್ಲದೆ ಟ್ರಿಪಲ್ ಐಟಿಯವರು ರಿಮೋಟ್ ಲ್ಯಾಬ್ ಅಂತಲೂ ಮಾಡಿದ್ದಾರೆ. ನನಗೆ ತುಂಬಾ ಇಷ್ಟ ಆಗಿದ್ದು ಅದೇ. ಅದರಲ್ಲಿ ಉಪಕರಣ ನಿಜವಾದದ್ದು, ಅವರ ಕ್ಯಾಂಪಸ್‌ನಲ್ಲಿರುತ್ತೆ. ಮಕ್ಕಳು ಮನೆಯಿಂದ ನಡೆಸ್ತಾರೆ, ಕ್ಯಾಮೆರಾದಲ್ಲಿ ನೋಡ್ತಾರೆ. ಅಲ್ಲಿನ ಒಂದು ಪ್ರಯೋಗದಲ್ಲಿ ಗಾಜಿನ ಕಡ್ಡಿ ಎಣ್ಣೆಗೆ ಇಳಿದ್ರೆ ಕಾಣಿಸೋದೇ ಇಲ್ಲ, ನೀರಿಗೆ ಇಳಿದ್ರೆ ಕಾಣುತ್ತೆ. ಗಾಜೂ ಎಣ್ಣೆಯೂ ಬೆಳಕನ್ನ ಹೆಚ್ಚುಕಮ್ಮಿ ಒಂದೇ ಥರ ಬಗ್ಗಿಸುತ್ವೆ, ಅದಕ್ಕೆ. ದೂರದಿಂದ ನೋಡಿದ್ರೂ ಅದು ನಡೆದದ್ದು ನಿಜ, ಯಾರೋ ಬಿಡಿಸಿದ ಚಿತ್ರ ಅಲ್ಲ.”

“ಅವಳ ಕಾಲೇಜಲ್ಲಿ ಲ್ಯಾಬ್ ಇದೆ ಸರ್. ಬೀಗ ಹಾಕಿರ್ತಾರಂತೆ, ಪರೀಕ್ಷೆ ಹತ್ತಿರ ಬಂದಾಗಲೇ ತೆಗೆಯೋದು.”

“ಅದೇ ಅಕ್ಕಾ ನನ್ನ ಹೊಟ್ಟೆ ಉರಿಸೋದು. ವೆಬ್‌ಸೈಟ್ ಇದೆಯಲ್ಲ ಅಂತ ಬೀಗ ಹಾಕಿದ್ರೆ ಮಕ್ಕಳ ಗತಿ ಏನು? ಪೇರೆಂಟ್ಸ್ ಮೀಟಿಂಗ್ ಯಾವತ್ತು ಹೇಳಿ, ನಾನೂ ಬರ್ತೀನಿ. ತಿಂಗಳಿಗೆ ಎರಡು ಸಲವಾದ್ರೂ ಬಾಗಿಲು ತೆಗೀಲಿ ಅಂತ ಇಬ್ಬರೂ ಸೇರಿ ಕೇಳೋಣ.”